ಮುಕ್ಕಾಲು ಕಾಳು, ಕಾಲು ಬಾಡು

ಡಿಸೆಂಬರ್ ಹುಟ್ಟಿತೆಂದರೆ ಹುಣಸೂರು ಕಡೆಯ ಸಂತೆಗಳಲ್ಲಿ ಅವರೆಕಾಯಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಗೋಣಿತಾಟಿನ ಮೇಲೆ ಸುರಿದ ರಾಶಿಗೆ ಕೈ ಹಾಕಿ ಎರಡು ಕಾಯಿ ಹಿಸುಕಿ ನೋಡಿ. ಬೆರಳಿಗೆ ಎಣ್ಣೆಯಂಥ ಜಿಡ್ಡು ಹತ್ತುತ್ತದೆ, ಸೋಪು ಹಾಕಿ ತೊಳೆದರೂ ಅದರ ವಾಸನೆ ಸಂಜೆಯವರೆಗೆ ಹೋಗುವುದಿಲ್ಲ. ಅದೇ ಸೊಗಡು. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚುತ್ತದೆ ಎನ್ನುತ್ತಾರೆ ನಮ್ಮ ಕಡೆ. ಸೊಗಡಿನ ಕಾಯಿ ಮನೆಗೆ ಬಂದ ಮೇಲೆ ಬಾಡು, ಎಂದರೆ ಮಾಂಸ, ತಾರದೆ ಇರುವುದು ಕಷ್ಟ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮಳೆಯಾಶ್ರಿತ ಹೊಲಗಳಲ್ಲಿ ಅವರೆಗೆ ಪ್ರತ್ಯೇಕ ಜಾಗ ಬಿಟ್ಟವರು ಕಡಿಮೆ. ಹೊಗೆಸೊಪ್ಪು ಮುರಿದು, ಅದನ್ನು ಹದಮಾಡುವ ಬ್ಯಾರನ್ ಕೆಲಸ ಹಗುರಾಗುವ ಹೊತ್ತಿಗೆ ಎಷ್ಟೋ ಹೊಲಗಳಿಗೆ ರಾಗಿ ಬೀಳುತ್ತದೆ. ರಾಗಿಯ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ ಬೆಳೆಯುತ್ತವೆ. ಹಗಲು ಕಿರಿದಾದಾಗಲೇ ಹೂ ಬಿಡುವುದು ನಾಟಿ ಅವರೆಯ ಗುಣ. ಅದಕ್ಕೇ ಅದು ಚಳಿಗಾಲದ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಲೆಕ್ಕ ನೋಡದೆ ಹೂ ಬಿಡುವುದರಿಂದ ಈಗ ಬೇಸಿಗೆಯಲ್ಲೂ ಕಾಯಿ ಸಿಗುತ್ತದೆ. ಸೊಗಡು ಮಾತ್ರ ಚಳಿಗಾಲದ ಕಾಯಿಯದೇ.

ಈ ಲೇಖನ ಅವರೆಕಾಳು ಹಾಕಿದ ಬಾಡಿನ ಸಾರಿನ ಬಗ್ಗೆ. ಇದನ್ನು ಮಾಡುವುದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಅಳತೆ ಕೈತಪ್ಪಿ ಹೋಗಿದೆ. ನಮ್ಮಜ್ಜಿ ಹತ್ತು ಜನರ ಸಾರಿಗೆ ಒಂದು ಗುಡ್ಡೆ ಬಾಡು ಹಾಕುತ್ತಿದ್ದರು, ಉಳಿದದ್ದೆಲ್ಲ ಕಾಳು. ಬಡತನ ಕಲಿಸಿದ ಅಳತೆ ಅದು, ಆದರೂ ದೇಹಕ್ಕೆ ಹಿತವಾದ ಅಳತೆ. ಈಗ ಕೈಯಲ್ಲಿ ಕಾಸು ಬಂದು ಲೆಕ್ಕ ತಿರುಗಿದೆ: ಒಂದು ಕೆಜಿ ಬಾಡಿಗೆ ಎರಡು ಹಿಡಿ ಕಾಳು, ಮೇಲೆ ಬೆರಳುದ್ದ ತೇಲುವ ಎಣ್ಣೆ. ನಾಲ್ವರಲ್ಲಿ ಇಬ್ಬರು ಬಿಪಿ ಮಾತ್ರೆ ನುಂಗುವ ಮನೆಯಲ್ಲೂ ಭಾನುವಾರದ ಸಾರು ಹೀಗೇ ಇರುವುದನ್ನು ಕಂಡಿದ್ದೇನೆ. ಬಾಡು ಬಿಡಿ ಎಂದು ಹೇಳುವುದಕ್ಕೆ ನಾನು ಕೂತಿಲ್ಲ. ಬಾಡು ರುಚಿ ಕೊಡಲಿ, ಹೊಟ್ಟೆ ತುಂಬಿಸುವ ಕೆಲಸ ಕಾಳು ಮಾಡಲಿ. ಆರು ಜನಕ್ಕೆ ಮುಕ್ಕಾಲು ಕೆಜಿ ಬಿಡಿಸಿದ ಹಸಿ ಕಾಳು, ಕಾಲು ಕೆಜಿ ಬಾಡು. ನಾನು ಹೇಳಬೇಕಾದದ್ದರ ತಿರುಳು ಇಷ್ಟೇ.

ಕಾಳು ಮತ್ತು ಮಾಂಸವನ್ನು ಖಾರದಲ್ಲಿ ಬೇಯಿಸುವ ಜಾಣತನ ನಮ್ಮೊಬ್ಬರದಲ್ಲ. ಅಮೆರಿಕದಲ್ಲಿರುವ ನಮ್ಮ ಮಕ್ಕಳು 'ಚಿಲಿ' ಎಂದು ಮಾಡುವುದು ದನದ ಮಾಂಸ, ರಾಜ್ಮಾ, ಟೊಮೆಟೊ, ಒಣಮೆಣಸಿನಕಾಯಿ ಹಾಕಿದ ಗಟ್ಟಿ ಸಾರನ್ನೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ ಹೆಂಗಸರು ಇದನ್ನು ಒಲೆಯ ಮೇಲಿಟ್ಟು ಮಾರುತ್ತಿದ್ದರು. 1977ರಲ್ಲಿ ಟೆಕ್ಸಾಸ್ ಇದನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಅಸಲಿ ಚಿಲಿಗೆ ಕಾಳು ಹಾಕಬಾರದೆಂದು ಅಲ್ಲಿ ವಾದಿಸುವವರಿದ್ದಾರೆ. ಆರೋಗ್ಯದ ಮಾತಿಗೆ ಬಂದರೆ ಆ ತಟ್ಟೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಕಾಳನ್ನೇ.

ನಮ್ಮಲ್ಲಿ ದನದ ಬಾಡಿನ ಮಾತು ಬೇರೆ. ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ದನಗಳ ಇಲಾಖೆಯ ನೆಲೆಯಾಗಿತ್ತು. ಚುಂಚನಕಟ್ಟೆಯಲ್ಲಿ ಇಂದಿಗೂ ಜನವರಿಯ ದನಗಳ ಜಾತ್ರೆ ನಡೆಯುತ್ತದೆ. ದನದ ಬಾಡು ಉಣ್ಣುವ ಮನೆಗಳೂ ನಮ್ಮ ನಡುವೆ ಇವೆ, ಅದು ಅವರವರ ಅಡುಗೆಮನೆಯ ವಿಚಾರ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯಂತೆ ಹಸು, ಎತ್ತು, ಹೋರಿಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರವಿದ್ದರೆ ಅವಕಾಶ. ಹಾಗಾಗಿ ಇಲ್ಲಿ ಕುರಿ, ಮೇಕೆ ಬಾಡನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾವ ಬಾಡು ನಡೆಯುತ್ತದೋ ಅದಕ್ಕೆ ಇದೇ ಅಳತೆ, ಇದೇ ಕ್ರಮ.

ಕಾಳಿನ ಕಬ್ಬಿಣಕ್ಕೆ ಬಾಡಿನ ಆಸರೆ

ನೂರು ಗ್ರಾಂ ಒಣ ಅವರೆಕಾಳಿನಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಇದೆ. ಕೊಬ್ಬಿಲ್ಲದ ಹಸಿ ಬಾಡಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಬಾಡಿನಲ್ಲಿ ಇಲ್ಲವೇ ಇಲ್ಲದ ನಾರು ಕಾಳಿನಲ್ಲಿ ಧಾರಾಳ. ಕೊಲೆಸ್ಟರಾಲ್ ಹಿಡಿತದಲ್ಲಿಡುವುದಕ್ಕೆ, ಊಟದ ನಂತರ ಸಕ್ಕರೆ ದಿಢೀರನೆ ಏರದಂತೆ ತಡೆಯುವುದಕ್ಕೆ ನೆರವಾಗುವುದು ಈ ನಾರು. ಹಾಗಾಗಿ ಸಕ್ಕರೆ ಕಾಯಿಲೆ ಇರುವವರು ಹಿತಕಿದ ಬೇಳೆಗಿಂತ ಸಿಪ್ಪೆ ಸಮೇತದ ಕಾಳು ತಿನ್ನುವುದು ಮೇಲು. ಹಿತಕಿದ ಬೇಳೆ ಬಾಯಿಗೆ ಬೆಣ್ಣೆ, ನಿಜ. ಹಿತುಕಿ ತೆಗೆಯುವಾಗ ನಾರಿನ ದೊಡ್ಡ ಪಾಲು ಸಿಪ್ಪೆಯ ಜೊತೆ ಹೊರಗೆ ಹೋಗುತ್ತದೆ.

ಕಬ್ಬಿಣಾಂಶದ ಕಥೆ ಇನ್ನೂ ಮುಖ್ಯವಾದದ್ದು. ಕಾಳಿನಲ್ಲಿ ಕಬ್ಬಿಣ ಚೆನ್ನಾಗಿಯೇ ಇದೆ, ಆದರೆ ಕರುಳು ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳಿನಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ತುತ್ತಿನಲ್ಲಿ ಒಂದಿಷ್ಟು ಮಾಂಸ ಇದ್ದರೆ ಕಾಳಿನ ಕಬ್ಬಿಣವೂ ಹೆಚ್ಚು ದಕ್ಕುತ್ತದೆ. ಮೇಲೆ ಹಿಂಡುವ ನಿಂಬೆರಸವೂ ಇದೇ ಕೆಲಸ ಮಾಡುತ್ತದೆ. ಊಟ ಮುಗಿದ ಕೂಡಲೇ ಕುಡಿಯುವ ಟೀ, ಕಾಫಿ ಈ ಲಾಭವನ್ನು ತಗ್ಗಿಸುತ್ತವೆ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನಕ್ಕೆ ರಕ್ತಹೀನತೆ ಇದೆ. ಈ ಅಂಕಿ ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಮನೆಗಳ ಬಡಿಸುವ ಕ್ರಮ. ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಒಲೆಯ ಮುಂದೆ ಬೆಂದವಳು. ಅವಳ ಪಾಲಿಗೆ ಸೌಟು ತಳ ಕೆರೆಯುವ ಹೊತ್ತಿಗೆ ಬರೀ ಸಾರು, ಒಂದು ಮೂಳೆ. ಬಾಡು ಕಾಲು ಕೆಜಿಗೆ ಇಳಿದಾಗ ಈ ಅನ್ಯಾಯ ಇನ್ನೂ ಹೆಚ್ಚಬಹುದು. ಆದ್ದರಿಂದ ಬಡಿಸುವ ಮೊದಲೇ ತುಂಡುಗಳನ್ನು ಆರು ಪಾಲು ಮಾಡಿ, ಅಡುಗೆ ಮಾಡಿದವಳ ಪಾಲನ್ನು ಮೊದಲು ಎತ್ತಿಡಿ. ಯುಗಾದಿಯ ಮಾರನೆಯ ಹೊಸತೊಡಕಿನ ದಿನ ಊರಲ್ಲಿ ಗುಡ್ಡೆ ಬಾಡು ಹಾಕುವಾಗ ಒಂದು ಗುಡ್ಡೆಗೂ ಇನ್ನೊಂದಕ್ಕೂ ತೂಕ ವ್ಯತ್ಯಾಸ ಬಾರದಂತೆ ಎಷ್ಟು ಎಚ್ಚರ ವಹಿಸುತ್ತಾರೆ! ಆ ಎಚ್ಚರ ಮನೆಯ ತಟ್ಟೆಗಳಿಗೂ ಬರಬೇಕು.

ಎಚ್.ಡಿ. ಕೋಟೆ, ಹುಣಸೂರು ಕಡೆಯ ಬುಡಕಟ್ಟು ಜನರ ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರಿದ್ದಾರೆ. ಅದು ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆ ಅಲ್ಲ. ಅಂಥವರು ಡಾಕ್ಟರನ್ನು ಕೇಳದೆ ಕಬ್ಬಿಣದ ಮಾತ್ರೆ ನುಂಗಬಾರದು. ಮೂತ್ರಪಿಂಡದ ತೊಂದರೆ ಇರುವವರು, ಯೂರಿಕ್ ಆಸಿಡ್ ಹೆಚ್ಚಿ ಕೀಲು ಊದುವವರು ಬಾಡು, ಕಾಳು ಎರಡರ ಪ್ರಮಾಣವನ್ನೂ ತಮ್ಮ ಡಾಕ್ಟರ ಹತ್ತಿರವೇ ಕೇಳಿಕೊಳ್ಳಲಿ.

ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ

ಬನ್ನೂರು ಕುರಿಯ ರುಚಿಗೆ ಕಾರಣ ಅದರ ಬಾಡಿನೊಳಗೇ ಹರಡಿಕೊಂಡಿರುವ ಕೊಬ್ಬು. ಹಬ್ಬಕ್ಕೆ ಅದು ಸರಿ. ವಾರವಾರದ ಸಾರಿಗೆ ಮೇಕೆ ಒಳ್ಳೆಯದು, ಅದರಲ್ಲಿ ಕೊಬ್ಬು ಕಡಿಮೆ. ಕುರಿಯೇ ಬೇಕಾದರೆ ತೊಡೆಯ ಕಡೆಯದನ್ನು ಕೇಳಿ. 'ಕೊಬ್ಬು ಬಿಡಿಸಿ ಹಾಕಣ್ಣ' ಎಂದು ತೂಕಕ್ಕೆ ಮುಂಚೆಯೇ ಹೇಳಬೇಕು, ತಕ್ಕಡಿಗೆ ಬಿದ್ದ ಮೇಲೆ ಹೇಳಿ ಪ್ರಯೋಜನವಿಲ್ಲ. ಕಾಲು ಕೆಜಿ ಮೆತ್ತನೆ ಬಾಡಿನ ಜೊತೆ ಎರಡು ಮೂರು ನಳ್ಳಿ ಮೂಳೆ ಇರಲಿ. ಬಾಡು ಕಡಿಮೆಯಾದದ್ದು ನಾಲಿಗೆಗೆ ತಿಳಿಯದಂತೆ ಕಾಯುವುದು ಆ ಮೂಳೆಗಳೇ. ತುಂಡುಗಳನ್ನು ಅಡಕೆಯಷ್ಟು ಗಾತ್ರಕ್ಕೆ ಸಣ್ಣದಾಗಿ ಹೊಡೆಸಿ. ದೊಡ್ಡ ತುಂಡು ಎರಡು ಬಿದ್ದರೆ ತಿನ್ನುವವನಿಗೆ ಕಡಿಮೆ ಎನಿಸುತ್ತದೆ, ಅದೇ ತೂಕ ಆರು ಸಣ್ಣ ತುಂಡಾದರೆ ಪ್ರತಿ ತುತ್ತಿಗೂ ಒಂದು ಸಿಗುತ್ತದೆ.

ಕೆಂಪು ಮಾಂಸವನ್ನು ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ಒಳಗೆ ಇಟ್ಟುಕೊಳ್ಳಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಸಲಹೆ ಮಾಡುತ್ತದೆ. ನಮ್ಮ ಅಳತೆಯಲ್ಲಿ ಒಬ್ಬರಿಗೆ ಒಂದು ಹೊತ್ತಿಗೆ ಬೀಳುವುದು 40 ಗ್ರಾಂ ಹಸಿ ಬಾಡು. ವಾರದಲ್ಲಿ ಎರಡು ಸಲ ಮಾಡಿದರೂ ಭಯವಿಲ್ಲ.

ಅವರೆಕಾಯಿ ಕೊಳ್ಳುವಾಗ ಕಾಳು ತುಂಬಿ ಬಲಿತ, ಆದರೆ ಹಳದಿಗೆ ತಿರುಗದ ಕಾಯಿ ಆರಿಸಿ. ಎರಡು ಕೆಜಿ ಕಾಯಿ ಬಿಡಿಸಿದರೆ ಹೆಚ್ಚುಕಡಿಮೆ ಮುಕ್ಕಾಲು ಕೆಜಿ ಕಾಳು ಸಿಗುತ್ತದೆ. ಒಂದೆರಡು ಹುಳ ಕಂಡರೆ ಮುಖ ಸಿಂಡರಿಸಬೇಡಿ. ಕಾಯಿಕೊರಕ ಅವರೆಗೆ ಬಿಡದೆ ಬೀಳುವ ಹುಳ. ತೂತಿದ್ದ ಕಾಯನ್ನು ಬೇರೆ ಇಟ್ಟು ಬಿಡಿಸಿದರೆ ಆಯಿತು. ಒಣ ಕಾಳಾದರೆ 300 ಗ್ರಾಂ ಸಾಕು.

ಬೇಯದ ಕಾಳಿನ ಗುಟ್ಟು

ಒಣ ಕಾಳನ್ನು ರಾತ್ರಿಯಿಡೀ, ಎಂದರೆ 8ರಿಂದ 10 ಗಂಟೆ ಕಾಲ ನೆನೆಸಿ. ನೆನೆದ ನೀರನ್ನು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಹೊಟ್ಟೆ ಉಬ್ಬರಿಸುವ ಸಕ್ಕರೆಗಳಲ್ಲಿ ಒಂದಷ್ಟು ಆ ನೀರಿನಲ್ಲೇ ಹೋಗುತ್ತವೆ. ಒಣ ಅವರೆಯಲ್ಲಿ ಅಲ್ಪ ಪ್ರಮಾಣದ ವಿಷಾಂಶವೂ ಇರುತ್ತದೆ, ನೆನೆಸಿ ನೀರು ಚೆಲ್ಲಿ ಚೆನ್ನಾಗಿ ಬೇಯಿಸಿದರೆ ಅದರ ಭಯವಿಲ್ಲ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಕಾಳು ಎಷ್ಟು ಕೂಗಿಸಿದರೂ ಬೇಯುವುದಿಲ್ಲ ಎಂಬ ಗೋಳಿದೆ. ತಪ್ಪು ಯಾವಾಗಲೂ ಕಾಳಿನದಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನೆನೆಸುವುದಕ್ಕೂ ಬೇಯಿಸುವುದಕ್ಕೂ ಫಿಲ್ಟರ್ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಅದೂ ಇಲ್ಲವೆಂದರೆ ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿ, ಬೆಳಿಗ್ಗೆ ತೊಳೆದುಬಿಡಿ. ಸಿಪ್ಪೆ ಮೆತ್ತಗಾಗುತ್ತದೆ. ಅಡುಗೆ ಸೋಡ ಬೇಡ. ಕಾಳು ಬೇಗ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಬಿಪಿ ಇರುವವರಿಗೆ ಬೇಡದ ಸೋಡಿಯಂ ಒಳಗೆ ಹೋಗುತ್ತದೆ. ಇನ್ನೊಂದು: ಒಣ ಕಾಳು ಪೂರ್ತಿ ಬೇಯುವ ತನಕ ಟೊಮೆಟೊ, ಹುಣಸೆಹುಳಿ ಹತ್ತಿರ ಸುಳಿಯಬಾರದು. ಹುಳಿ ಬಿದ್ದರೆ ಕಾಳು ಅಲ್ಲಿಗೇ ಗಟ್ಟಿಯಾಗಿ ನಿಲ್ಲುತ್ತದೆ. ಹಸಿ ಕಾಳಿಗೆ ಈ ರಗಳೆ ಯಾವುದೂ ಇಲ್ಲ.

ಒಲೆಯ ಮುಂದೆ

ಬಾಡನ್ನೂ ಕಾಳನ್ನೂ ಒಟ್ಟಿಗೆ ಕುಕ್ಕರಿಗೆ ತುಂಬುವುದೇ ಸಾರು ಕೆಡುವುದಕ್ಕೆ ಮೊದಲ ಕಾರಣ. ಬಾಡು ಬೇಯುವ ಹೊತ್ತಿಗೆ ಹಸಿ ಕಾಳು ಕರಗಿ ಪಾಯಸವಾಗಿರುತ್ತದೆ. ಹಿಂದಿನ ಸಂಜೆಯೇ ಬಾಡು, ಮೂಳೆ, ಅರಿಶಿನ, ಜಜ್ಜಿದ ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಲೀಟರ್ ನೀರು ಸೇರಿಸಿ ನಾಲ್ಕೈದು ವಿಷಲ್ ಕೂಗಿಸಿಕೊಳ್ಳಿ. ಎಣ್ಣೆ ಒಂದು ಹನಿಯೂ ಬೇಡ. ಆರಿದ ಮೇಲೆ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ.

ಬೆಳಿಗ್ಗೆ ಮುಚ್ಚಳ ತೆಗೆದು ನೋಡಿ. ಮೇಲೆ ಬಿಳಿಯ ಕೆನೆ ಕಟ್ಟಿರುತ್ತದೆ, ಮೇಣದ ಹಾಗೆ. ಚಮಚದ ಅಂಚು ಒತ್ತಿದರೆ ಹಂಚಿನ ಚೂರಿನಂತೆ ಮುರಿದು ಏಳುತ್ತದೆ. ಕೆಳಗಿನ ರಸ ಮೂಳೆಯ ಅಂಟಿನಿಂದ ಜೆಲ್ಲಿಯಂತೆ ಅದುರುತ್ತಿರುತ್ತದೆ. ಆ ಬಿಳಿ ಕೆನೆಯೇ ಕೊಬ್ಬು. ನಾನು ಮೊದಲ ಸಲ ಅದನ್ನು ಬಟ್ಟಲಿಗೆ ತೆಗೆದು ನೋಡಿದಾಗ ಗಾಬರಿಯಾಯಿತು, ಇಷ್ಟನ್ನೂ ಪ್ರತಿ ಭಾನುವಾರ ನುಂಗುತ್ತಿದ್ದೆವಲ್ಲ ಎಂದು. ಪೂರ್ತಿ ತೆಗೆಯಬೇಡಿ, ಪರಿಮಳಕ್ಕೆ ಒಂದು ಚಮಚ ಉಳಿಸಿ. ಫ್ರಿಜ್ ಇಲ್ಲದವರು ಪಾತ್ರೆಯನ್ನು ತಣ್ಣೀರಿನ ಬೇಸನ್ನಿನಲ್ಲಿಟ್ಟು ಅರ್ಧ ಗಂಟೆ ಬಿಟ್ಟು, ಮೇಲೆ ಬಂದ ಜಿಡ್ಡನ್ನು ಸೌಟಿನಲ್ಲಿ ತೆಗೆದು ಅಂದೇ ಸಾರು ಮಾಡಿಬಿಡಿ.

ಖಾರಕ್ಕೆ ಎಂಟು ಬ್ಯಾಡಗಿ, ಎರಡು ಗುಂಟೂರು ಮೆಣಸಿನಕಾಯಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಗುಂಟೂರು ಉರಿ ಕೊಡುತ್ತದೆ. ಎರಡು ದೊಡ್ಡ ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಬೆರಳಗಲ ಚೆಕ್ಕೆ, ಮೂರು ಲವಂಗ, ಒಂದು ಚಮಚ ಗಸಗಸೆ. ಇವನ್ನು ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಎರಡು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಮೂರು ದೊಡ್ಡ ಚಮಚ ಮಾತ್ರ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಅರ್ಧ ಹೋಳು ಕಾಯಿ ಹಾಕುವವರಿಗೆ ಇದು ಕಡಿಮೆ ಎನಿಸಬಹುದು. ಸಾರು ಗಟ್ಟಿಯಾಗುವುದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಅಗಲ ಪಾತ್ರೆಯಲ್ಲಿ ನಾಲ್ಕು ಚಿಕ್ಕ ಚಮಚ ಎಣ್ಣೆ ಕಾಯಿಸಿ, ಹೆಚ್ಚಿದ ಒಂದು ಈರುಳ್ಳಿ ಕೆಂಪಗೆ ಮಾಡಿ, ರುಬ್ಬಿದ ಖಾರ ಹಾಕಿ. ತಳ ಹಿಡಿಯುತ್ತಿದೆ ಎನಿಸಿದಾಗ ಎಣ್ಣೆ ಸುರಿಯಬೇಡಿ, ಬಾಡು ಬೆಂದ ರಸವನ್ನೇ ಅರ್ಧ ಸೌಟು ಚಿಮುಕಿಸುತ್ತಾ ಬಾಡಿಸಿ. ಹಸಿ ವಾಸನೆ ಹೋಗಿ ಘಮ ಬದಲಾಗುವ ಕ್ಷಣ ಮೂಗಿಗೆ ತಿಳಿಯುತ್ತದೆ, ಅದಕ್ಕೆ ಎಂಟು ಹತ್ತು ನಿಮಿಷವಾದರೂ ಬೇಕು. ಆಮೇಲೆ ಉಳಿದ ರಸ, ಹಸಿ ಕಾಳು. ತೆರೆದ ಪಾತ್ರೆಯಲ್ಲೇ 15ರಿಂದ 20 ನಿಮಿಷ ಕುದಿಯಲಿ. ಒಣ ಕಾಳಾಗಿದ್ದರೆ ಮೊದಲೇ ಬೇರೆ ಬೇಯಿಸಿಕೊಂಡು ಈಗ ಸೇರಿಸಿ. ಕಾಳು ಬೆರಳಲ್ಲಿ ಒತ್ತಿದರೆ ಮೆದುವಾಯಿತು ಎಂದಾಗ ಮೂರು ಟೊಮೆಟೊ, ಬೆಂದ ಬಾಡು, ನಾಲ್ಕು ಸೀಳಿದ ಎಳೇ ಬದನೆಕಾಯಿ. ಆಲೂಗಡ್ಡೆ ಹಾಕುವ ರೂಢಿ ಇದೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಆ ಜಾಗವನ್ನು ಬದನೆಗೋ ನುಗ್ಗೆಕಾಯಿಗೋ ಬಿಟ್ಟುಕೊಡಿ.

ಈಗ ಗಟ್ಟಿ ಮಾಡುವ ದಾರಿ: ಬೆಂದ ಕಾಳನ್ನೇ ಒಂದು ಸೌಟು ತೆಗೆದು ನುಣ್ಣಗೆ ಅರೆದು ಸಾರಿಗೆ ಸೇರಿಸಿ. ತೆಂಗಿನಕಾಯಿ ಹೆಚ್ಚಿಗೆ ಹಾಕಿದಷ್ಟೇ ಮಂದ ಬರುತ್ತದೆ, ಕಾಳಿನ ಸೊಗಡು ಸಾರಿನ ತುಂಬ ಹರಡುತ್ತದೆ. ಕಾಯಿ ದಂಡಿಯಾಗಿ ಹಾಕಿದ ಸಾರಿಗಿಂತ ನನಗೆ ಇದೇ ಹೆಚ್ಚು ಇಷ್ಟ.

ಉಪ್ಪು ಒಂದೂವರೆ ಚಿಕ್ಕ ಚಮಚ, ಕೊನೆಯಲ್ಲಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಸಾರಿನಲ್ಲಿ ತಲೆಗೆ ಒಂದೂವರೆ ಗ್ರಾಂ ಆಸುಪಾಸು ಬೀಳುತ್ತದೆ. ಜೊತೆಗೆ ಉಪ್ಪಿನಕಾಯಿ, ಹಪ್ಪಳ ಬಂದು ಕೂತರೆ ಲೆಕ್ಕ ತಪ್ಪುತ್ತದೆ. ಉಪ್ಪು ಕಡಿಮೆ ಎನಿಸಿದರೆ ನಿಂಬೆಹಣ್ಣು ಹಿಂಡಿ ನೋಡಿ.

ಮುದ್ದೆಯ ಜೊತೆ, ಮಾರನೆಯ ದಿನ

ಕೆ.ಆರ್. ನಗರದ ಕಾವೇರಿ ನಾಲೆಯ ಬಯಲಲ್ಲಿ ಅನ್ನಕ್ಕೆ, ಮೇಲಿನ ಒಣ ಹೊಲದ ಊರುಗಳಲ್ಲಿ ಮುದ್ದೆಗೆ ಈ ಸಾರು. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂದುಕೊಂಡು ಎರಡು ದೊಡ್ಡ ಮುದ್ದೆ ಮುರಿಯುವವರನ್ನು ನೋಡಿದ್ದೇನೆ. ನುಣ್ಣನೆ ಹಿಟ್ಟಿನ ಮುದ್ದೆಯೂ ಸಕ್ಕರೆ ಏರಿಸುತ್ತದೆ. ಕಿತ್ತಳೆ ಗಾತ್ರದ ಒಂದು ಮುದ್ದೆ, ಎರಡು ಸೌಟು ಕಾಳು, ಪಕ್ಕದಲ್ಲಿ ಸೌತೆಕಾಯಿ, ಮೂಲಂಗಿ ಹೋಳು. ಮುದ್ದೆ ಚಿಕ್ಕದಾದರೂ ಕಾಳು ಜಾಸ್ತಿ ಇದ್ದರೆ ಸಂಜೆವರೆಗೆ ಹಸಿವಾಗುವುದಿಲ್ಲ.

ತಂಗಳು ಸಾರಿನ ರುಚಿಯೇ ಬೇರೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ದೊಡ್ಡ ಪಾತ್ರೆಯಲ್ಲಿ ರಾತ್ರಿಯೆಲ್ಲ ಒಲೆಯ ಮೇಲೆ ಉಗುರುಬೆಚ್ಚಗೆ ಕೂತ ಬಾಡಿನ ಸಾರು ಹೊಟ್ಟೆ ಕೆಡಿಸುತ್ತದೆ. ಹಬ್ಬದ ಮಾರನೆಯ ದಿನ ಊರಿಗೆ ಊರೇ ಆಸ್ಪತ್ರೆ ಸೇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಉಂಡ ಎರಡು ಗಂಟೆಯೊಳಗೆ ಚಿಕ್ಕ ಪಾತ್ರೆಗಳಿಗೆ ಹಂಚಿ, ತಣಿಸಿ, ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ತಿನ್ನುವ ಮುಂಚೆ ಕೊತಕೊತ ಕುದಿಸಿ. ಅಕ್ಕಿರೊಟ್ಟಿಯ ಜೊತೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

ಅವರೆ ಮುಗಿದ ಮೇಲೆ ವರ್ಷದ ಉಳಿದ ತಿಂಗಳಿಗೆ ಅಲಸಂದೆ, ತಡಗುಣಿ, ಹುರುಳಿ ಇದ್ದೇ ಇವೆ. ಹುರುಳಿಯನ್ನು ಮೊಳಕೆ ಕಟ್ಟಿ ಹಾಕಿ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಮಾರನೆಯ ದಿನ ಬಾಲ ಬಂದಿರುತ್ತದೆ. ಮೊಳಕೆಯಲ್ಲಿ ಫೈಟೇಟ್ ಇಳಿಯುತ್ತದೆ, ವಾಯುವಿನ ಕಾಟವೂ ಕಡಿಮೆ. ರಾಜ್ಮಾ ಹಾಕುವವರು ಒಂದು ಎಚ್ಚರ ವಹಿಸಬೇಕು. ಅರೆಬೆಂದ ರಾಜ್ಮಾ ವಾಂತಿ ಭೇದಿ ತರುವಷ್ಟು ವಿಷ. ನೆನೆಸಿ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಜೋರಾಗಿ ಕುದಿಸಲೇಬೇಕು. ಕುಕ್ಕರಿನಲ್ಲಿ ಚೆನ್ನಾಗಿ ಬೆಂದರೆ ಚಿಂತೆಯಿಲ್ಲ. ಹೊರದೇಶದಲ್ಲಿ ಸ್ಲೋ ಕುಕ್ಕರಿಗೆ ಹಾಕಿ ಕೆಲಸಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರು ಮೊದಲು ಒಲೆಯ ಮೇಲೆ ಕುದಿಸಿ ಆಮೇಲೆ ಹಾಕಲಿ.

ಕಾಯಿ ಬಿಡಿಸಿದ ಸಿಪ್ಪೆ ಬೀದಿಗೆ ಸುರಿಯುವುದು ಬೇಡ. ಮನೆಯಲ್ಲಿ ದನವಿದ್ದರೆ ಅದಕ್ಕೆ, ಇಲ್ಲದಿದ್ದರೆ ಇರುವವರ ಮನೆಯ ಕೊಟ್ಟಿಗೆಗೆ ಒಂದು ಮಂಕರಿ ಹೊತ್ತು ಹಾಕಿ ಬನ್ನಿ. ಸೊಗಡಿನ ಸಿಪ್ಪೆ ಎಂದರೆ ದನಗಳು ಹಗ್ಗ ಜಗ್ಗಿಕೊಂಡು ಬರುತ್ತವೆ.